ಪತ್ತೇದಾರ ವರ್ನನ ನಾಲ್ಕನೇ ಪುಟ

ಹ್ಯಾರೋ ಲೇಕ್ ಊರಿನ ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆಗೆ ವರ್ನ್ ಟೋಲೆಫ್ಸನ್ ಮೊದಲ ಸಲ ಇಳಿದದ್ದು ಮೂತ್ರಕ್ಕೆ ಅವಸರವಾಗಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಅವನ ಬಗ್ಗೆ ಊರಲ್ಲಿ ಹಬ್ಬಿದ ಕಥೆಗಳಲ್ಲಿ ಈ ಸಂಗತಿ ಎಲ್ಲೂ ಬರುವುದಿಲ್ಲ.

ಗಡಸು ನೀರನ್ನು ಮೆದು ಮಾಡುವ ಯಂತ್ರಗಳನ್ನು ಮೂವತ್ನಾಲ್ಕು ವರ್ಷ ಮನೆಮನೆಗೆ ಹೋಗಿ ಮಾರಿ ನಿವೃತ್ತನಾದವನು ವರ್ನ್. ನವೆಂಬರಿನ ಒಂದು ಮಂಗಳವಾರ, ಹಿಮ ಬೀಳುತ್ತಿದ್ದ ಸಂಜೆ ನಾಲ್ಕು ಗಂಟೆಗೆ, ಮನೆ ಮುಟ್ಟುವ ತನಕ ತಡೆಯಲಾರದೆ ಗ್ರಂಥಾಲಯಕ್ಕೆ ನುಗ್ಗಿದ. ಬಂದ ಕೆಲಸ ಮುಗಿಸಿ ಹೊರಬಂದಾಗ ಎದುರಿನ ಕೋಣೆಯಿಂದ ಕಾಫಿಯ ಪರಿಮಳ ಬಂತು. ಇಣುಕಿ ನೋಡಿದ. ದುಂಡಗೆ ಹಾಕಿದ ಮಡಚುವ ಕುರ್ಚಿಗಳ ಮೇಲೆ ಒಂಬತ್ತು ಜನ, ಮೇಜಿನ ಮೇಲೆ ತಟ್ಟೆ ತುಂಬ ಲೆಮನ್ ಬಾರ್ ಎಂಬ ನಿಂಬೆಯ ಸಿಹಿ ತುಂಡುಗಳು. ತಟ್ಟೆ ಬಾಗಿಲಿಗೆ ಹತ್ತಿರವೇ ಇತ್ತು. ವರ್ನ್ ಒಂದನ್ನು ಬಾಯಿಗೆ ಹಾಕಿಕೊಂಡ.

"ಬನ್ನಿ ಬನ್ನಿ, ಹೊಸಬರು ಬಂದ್ರು!" ಎಂದರು ಗ್ಲಾಡಿಸ್ ಮೇಡಂ. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಎದುರಿಗಿದ್ದವರನ್ನು ಕೂರಿಸುವ ಅಭ್ಯಾಸ ಹೋಗಿರಲಿಲ್ಲ. "ಪತ್ತೇದಾರಿ ಕಾದಂಬರಿ ಅಂದ್ರೆ ಪ್ರಾಣ ಅಲ್ವಾ ನಿಮಗೆ?"

ಬಾಯಲ್ಲಿ ಪರರ ತಿಂಡಿ ಇಟ್ಟುಕೊಂಡು "ಇಲ್ಲ" ಎನ್ನುವುದು ಯಾವ ಮಾನವಂತನಿಗೂ ಸಾಧ್ಯವಿಲ್ಲ. ವರ್ನ್ ತಲೆಯಾಡಿಸಿದ. ಹೀಗೆ ಅವನು ರಹಸ್ಯ ಕಾದಂಬರಿ ಚರ್ಚಾ ಬಳಗದ ಹತ್ತನೇ ಸದಸ್ಯನಾದ.

ಬಳಗಕ್ಕೆ ಒಂದು ಪದ್ಧತಿಯಿತ್ತು. ತಿಂಗಳಿಗೊಂದು ಕಾದಂಬರಿ, ಗ್ರಂಥಾಲಯ ಅದರ ಹತ್ತು ಪ್ರತಿಗಳನ್ನು ಕ್ಯಾನ್ವಾಸ್ ಚೀಲದಲ್ಲಿ ತುಂಬಿ ಕೊಡುತ್ತಿತ್ತು. ಯಾರು ಯಾವ ಪ್ರತಿ ಒಯ್ದರು ಎಂದು ಯಾರೂ ಬರೆದಿಡುತ್ತಿರಲಿಲ್ಲ. ಪ್ರತಿಯೊಂದರ ಕೊನೆಯ ಅಧ್ಯಾಯಕ್ಕೂ ರಬ್ಬರ್ ಬ್ಯಾಂಡ್ ಹಾಕಿರುತ್ತಿತ್ತು. ಅದನ್ನು ಯಾರೂ ಬಿಚ್ಚುವಂತಿಲ್ಲ. ಹಿಡಿದ ಮೀನಿನ ಉದ್ದದ ಬಗ್ಗೆ ಚರ್ಚಿನ ಮೆಟ್ಟಿಲ ಮೇಲೆ ನಿಂತು ಸುಳ್ಳು ಹೇಳುವ ಈ ಜನ, ಆ ರಬ್ಬರ್ ಬ್ಯಾಂಡನ್ನು ಮಾತ್ರ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಸಭೆಯ ದಿನ ಎಲ್ಲರೂ ಕೊಲೆಗಾರನ ಹೆಸರನ್ನು ಚೀಟಿಯಲ್ಲಿ ಬರೆದು ಹಳೆಯ ಡ್ರಾಯರಿಗೆ ಹಾಕಬೇಕು. ಆಮೇಲೆ ಗ್ಲಾಡಿಸ್ ಮೇಡಂ ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಾರೆ. ಸರಿಯಾಗಿ ಬರೆದವರ ಕೊರಳಿಗೆ ಹಸಿರು ಪಟ್ಟಿ ಕಟ್ಟಿದ ಹಿತ್ತಾಳೆಯ ಭೂತಗನ್ನಡಿ, ಒಂದು ತಿಂಗಳ ಮಟ್ಟಿಗೆ.

ವರ್ನ್ ಪುಸ್ತಕ ಹಿಡಿದು ಮನೆಗೆ ಬಂದಾಗ ಹೆಂಡತಿ ಆರ್ಡಿಸ್ ಅವನ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ. ಮತ್ತೆ ಇದೇನಿದು ಕೈಯಲ್ಲಿ?"

"ಪುಸ್ತಕ ಕಣೇ. ಓದೋಣ ಅಂತ."

"ಯಾರು?"

"ನಾನೇ."

ಆರ್ಡಿಸ್ ಪುಸ್ತಕದ ರಬ್ಬರ್ ಬ್ಯಾಂಡ್ ನೋಡಿದಳು. ಅವಳಿಗೆ ಆ ಬಳಗ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಒಂದು ದಿನ ಹೋಗಿದ್ದಳು. ಕಾಫಿ ಹಂಚುವ ಮೊದಲೇ, "ಔಷಧಿ ಅಂಗಡಿಯವನು ಅಂತ ಮೂವತ್ತನೇ ಪುಟದಲ್ಲೇ ಗೊತ್ತಾಗುತ್ತಲ್ಲ" ಎಂದುಬಿಟ್ಟಿದ್ದಳು. ಅವನೇ ಆಗಿದ್ದ. "ನಿಮ್ಮ ಊಹೆ ನಿಮ್ಮ ಹತ್ರಾನೇ ಇರ್ಲಿ ಡಿಯರ್, ಬೇರೆಯವರ ಸುಖ ಕೆಡಿಸಬಾರದು" ಎಂದಿದ್ದರು ಗ್ಲಾಡಿಸ್ ಮೇಡಂ. ಅವಳು ಮತ್ತೆ ಅಲ್ಲಿಗೆ ಹೋಗಲಿಲ್ಲ. ಅಂದಿನಿಂದ ಅವಳ ಊಹೆಗಳೆಲ್ಲ ಅವಳ ಹತ್ತಿರವೇ ಇದ್ದವು.

ವರ್ನ್ ಆರಾಮಕುರ್ಚಿಯಲ್ಲಿ ಕೂತು ಓದಲು ಶುರು ಮಾಡಿದ. ಮೊದಲ ಪುಟದಲ್ಲಿ ಬಿರುಗಾಳಿ ಬೀಸಿತು. ಎರಡರಲ್ಲಿ ಬಾಗಿಲು ಬಡಿದ ಸದ್ದು. ಮೂರರಲ್ಲಿ ಯಾರೋ ಬಾಗಿಲು ತೆಗೆಯಲು ಎದ್ದರು. ನಾಲ್ಕನೇ ಪುಟದಲ್ಲಿ ವರ್ನ್ ಗೊರಕೆ ಹೊಡೆಯುತ್ತಿದ್ದ. ಮರುದಿನವೂ ಅದೇ ಬಿರುಗಾಳಿ, ಅದೇ ಬಾಗಿಲು, ಅದೇ ಗೊರಕೆ. ನಾಲ್ಕು ವಾರವಾದರೂ ಬಾಗಿಲು ಬಡಿದವನು ಹೊರಗೇ ನಿಂತಿದ್ದ.

ಸಭೆಯ ದಿನ ಮಧ್ಯಾಹ್ನ ಗಾಬರಿಯಿಂದ ಪುಟ ತಿರುವುತ್ತಿದ್ದಾಗ ಎಂಬತ್ತೇಳನೇ ಪುಟದ ಅಂಚಿನಲ್ಲಿ ಪೆನ್ಸಿಲ್ ಬರಹ ಕಂಡಿತು. 'ದಂತವೈದ್ಯ. ಬೇಸಿಗೆಯಲ್ಲಿ ಕೈಗವಸು ಯಾಕೆ?' ಹಿಂದೆ ಯಾರೋ ಓದಿದವರದ್ದಿರಬೇಕು ಎಂದುಕೊಂಡ. ಚೀಟಿಯಲ್ಲಿ ದಂತವೈದ್ಯ ಎಂದು ಬರೆದು ಹಾಕಿದ. ಗ್ಲಾಡಿಸ್ ಮೇಡಂ ಕೊನೆಯ ಅಧ್ಯಾಯ ಓದಿದರು. ದಂತವೈದ್ಯನೇ.

"ಹೇಗೆ ಹಿಡಿದ್ರಿ?" ಎಂದು ಒಂಬತ್ತು ಜನರೂ ಕೇಳಿದರು.

"ಬೇಸಿಗೆಯಲ್ಲಿ ಕೈಗವಸು ಯಾಕೆ?" ಎಂದ ವರ್ನ್. ಅವನಿಗೆ ಗೊತ್ತಿದ್ದದ್ದೇ ಅಷ್ಟು. ಆದರೆ ಪ್ರಶ್ನೆಗೆ ಪ್ರಶ್ನೆಯಿಂದಲೇ ಉತ್ತರ ಕೊಡುವವನನ್ನು ಜನ ಮಹಾಮೇಧಾವಿ ಎಂದು ನಂಬಿಬಿಡುತ್ತಾರೆ.

ಮರು ತಿಂಗಳು ನೂರ ಇಪ್ಪತ್ತನೇ ಪುಟದಲ್ಲಿ ಪೆನ್ಸಿಲ್. ಅದರ ಮರು ತಿಂಗಳು ಅರವತ್ತೊಂದರಲ್ಲಿ. ಆ ಮೂರನೇ ತಿಂಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಸಾಮಾನಿನ ಪಟ್ಟಿ ವರ್ನನ ಕಣ್ಣಿಗೆ ಬಿತ್ತು. ಮೊಟ್ಟೆ, ಬೆಣ್ಣೆ, ಈರುಳ್ಳಿ. ಹಿಂದಕ್ಕೆ ವಾಲಿದ ಅದೇ ಅಕ್ಷರ, ಅದೇ ಮೊಂಡು ಪೆನ್ಸಿಲ್. ಅವನು ಟಿವಿ ಮುಂದೆ ಕೂತಿರುವ ಹೊತ್ತಿನಲ್ಲಿ ಆರ್ಡಿಸ್ ಪುಸ್ತಕ ಓದಿ ಮುಗಿಸಿ, ರಬ್ಬರ್ ಬ್ಯಾಂಡ್ ಮುಟ್ಟದೆ, ಕೊಲೆಗಾರ ತಿಳಿದ ಜಾಗದಲ್ಲಿ ಬರೆದಿಡುತ್ತಿದ್ದಳು. ವರ್ನ್ ಪಟ್ಟಿ ನೋಡಿದ, ಕೊರಳಿನ ಭೂತಗನ್ನಡಿ ಮುಟ್ಟಿಕೊಂಡ, ಮೊಟ್ಟೆ ತರಲು ಹೋದ.

ಭೂತಗನ್ನಡಿ ಅವನ ಕೊರಳಿನಿಂದ ಇಳಿಯಲೇ ಇಲ್ಲ. ಅದನ್ನು ಹಾಕಿಕೊಂಡೇ ಕ್ಷೌರಕ್ಕೆ ಹೋದ, ಚರ್ಚಿಗೆ ಹೋದ. ಜನವರಿಯಲ್ಲಿ ಪಕ್ಕದ ಮನೆಯ ಡೆಲ್ಬರ್ಟ್ ಬೇಲಿಯ ಹತ್ತಿರ ಬಂದು ದನಿ ತಗ್ಗಿಸಿದ.

"ವರ್ನ್, ನನ್ನ ಹಿಮ ಎತ್ತೋ ಸಲಿಕೆ ಕಾಣ್ತಿಲ್ಲ. ನಿನ್ನಂಥವನೇ ಏನಾದ್ರೂ ಮಾಡ್ಬೇಕು."

"ಕೊನೇ ಸಲ ಯಾವಾಗ ನೋಡಿದ್ದು?"

"ಹೋದ ಚಳಿಗಾಲದಲ್ಲಿ."

"ಹಿಡಿ ಯಾವ ಬಣ್ಣ?"

"ಕೆಂಪು."

ವರ್ನ್ ಕಣ್ಣು ಮುಚ್ಚಿ ಯೋಚಿಸಿದ. ಕೆಂಪು ಹಿಡಿಯ ಸಲಿಕೆ ಅವನ ಗ್ಯಾರೇಜಿನಲ್ಲೇ ಇತ್ತು. ಹೋದ ಚಳಿಗಾಲ ಎರವಲು ತಂದವನು ಅವನೇ. ಡೆಲ್ಬರ್ಟ್ ಕೆಲಸಕ್ಕೆ ಹೋದ ಮೇಲೆ ಅದನ್ನು ಒಯ್ದು ಅವನ ಸೌದೆ ರಾಶಿಯ ಹಿಂದೆ ಒರಗಿಸಿ, ಸಂಜೆ ಬೇಲಿಯ ಹತ್ತಿರ ನಿಂತು, "ಸೌದೆ ಹಿಂದೆ ಹುಡುಕು" ಎಂದ. ಡೆಲ್ಬರ್ಟನಿಗೆ ಮೈ ನವಿರೆದ್ದಿತು. ವಾರಪತ್ರಿಕೆಯಲ್ಲಿ ವರ್ನನ ಫೋಟೊ ಬಂತು. ಸಲಿಕೆಯದೂ ಬಂತು.

ಜೂನ್ ತಿಂಗಳ ಸಭೆ ಮುಗಿದು ಪ್ರತಿಗಳು ಚೀಲಕ್ಕೆ ಮರಳಿದ ಮೇಲೆ ಗ್ರಂಥಪಾಲಕಿ ಜೋಲೀನ್ ಅಳುಮೋರೆ ಹೊತ್ತು ಬಂದಳು. ಕೈಯಲ್ಲಿ ಏಳು ಪುಸ್ತಕ.

"ಏಳು ತಿಂಗಳು, ಏಳು ಚೀಲ. ಪ್ರತಿ ಚೀಲದಲ್ಲೂ ಒಂದೇ ಒಂದು ಪ್ರತಿಗೆ ಯಾರೋ ಪೆನ್ಸಿಲ್‌ನಲ್ಲಿ ಗೀಚಿದ್ದಾರೆ. ಕೊಲೆಗಾರನ ಹೆಸರನ್ನೇ ಬರೆದಿದ್ದಾರೆ! ಮುಂದೆ ಓದೋರ ಗತಿ ಏನು?"

ಗ್ಲಾಡಿಸ್ ಮೇಡಂ ಮೆಲ್ಲಗೆ ಎದ್ದು ನಿಂತರು. "ಅಂದ್ರೆ ಅಪರಾಧಿ ಈ ಕೋಣೆಯಲ್ಲೇ ಇದ್ದಾನೆ." ಈ ಒಂದು ಮಾತು ಹೇಳಲು ಅವರು ಇಪ್ಪತ್ತು ವರ್ಷ ಕಾದಿದ್ದರು.

ಈಗ ಗಮನಿಸಿ. ಏಳು ತಿಂಗಳು ಒಬ್ಬನೇ ಒಬ್ಬ ಸರಿಯಾದ ಹೆಸರು ಬರೆದಿದ್ದಾನೆ. ಏಳು ತಿಂಗಳು ಒಂದೇ ಒಂದು ಪ್ರತಿಯಲ್ಲಿ ಸರಿಯಾದ ಹೆಸರು ಇತ್ತು. ಎರಡೂ ಸಂಗತಿ ಮೇಜಿನ ಮೇಲೆ ಅಕ್ಕಪಕ್ಕ ಕೂತಿವೆ. ಸುತ್ತಲೂ ವರ್ಷಕ್ಕೆ ಐವತ್ತು ಕೊಲೆ ಬಗೆಹರಿಸುವ ಪರಿಣತರು. ಅವರೆಲ್ಲ ಒಟ್ಟಿಗೆ ವರ್ನನ ಕಡೆ ತಿರುಗಿದರು, ಕೈಮುಗಿಯುವುದೊಂದು ಬಾಕಿ.

"ವರ್ನ್, ನೀವೇ ಗತಿ," ಎಂದಳು ಜೋಲೀನ್. "ಕಂಡುಹಿಡೀರಿ."

ವರ್ನ್ ಎದ್ದು ನಿಂತ. ಕಾಲ ತಳ್ಳಲು ಏನಾದರೂ ಹೇಳಬೇಕು, ಕೈಗೆ ಏನಾದರೂ ಕೆಲಸ ಬೇಕು. "ಸಾಕ್ಷಿ ನಮ್ಮ ಕಣ್ಣೆದುರಿಗೇ ಇದೆ..." ಎನ್ನುತ್ತ ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಲೆಮನ್ ಬಾರಿನತ್ತ ಕೈ ಚಾಚಿದ. ತಟ್ಟೆ ಓರಿನ್ ಪ್ಲಾಟನ ಮುಂದಿತ್ತು. ಹದಿನೆಂಟು ಕಣ್ಣುಗಳು ವರ್ನನ ಬೆರಳಿನ ಗುಂಟ ಸಾಗಿ ಓರಿನ್ನನ ಮೇಲೆ ನಿಂತವು.

ಓರಿನ್ ಎಪ್ಪತ್ತೊಂಬತ್ತರ ಒಂಟಿ ಜೀವ. ಚೀಸ್ ಕಾರ್ಖಾನೆಯಲ್ಲಿ ದುಡಿದು ಮುಗಿಸಿ, ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಇದ್ದ. ಗ್ರಂಥಾಲಯ ಬಾಗಿಲು ತೆಗೆದಾಗ ಬಂದು, ಮುಚ್ಚುವಾಗ ಹೋಗುತ್ತಿದ್ದ. ದಿನವಿಡೀ ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದುದರಿಂದ ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಆ ಹೊತ್ತಿಗೆ ಅವನ ಕೋಟಿನ ಜೇಬಿನಲ್ಲಿ ರಾತ್ರಿಯ ಊಟಕ್ಕೆಂದು ಕಾಗದದಲ್ಲಿ ಸುತ್ತಿಟ್ಟ ಎರಡು ಲೆಮನ್ ಬಾರ್ ಇದ್ದವು. ಓರಿನ್ ಕಿವಿಯ ತುದಿಯವರೆಗೆ ಕೆಂಪಾದ.

"ಕ್ಷಮಿಸಿಬಿಡಿ," ಎಂದ. "ಪ್ರತಿ ತಿಂಗಳೂ ಮಾಡ್ತಿದ್ದೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ಯಾರಿಗೂ ತೊಂದರೆ ಆಗಲ್ಲ ಅನ್ನಿಸ್ತಿತ್ತು."

"ತೊಂದರೆ ಆಗಲ್ವಾ!" ಎಂದು ಗ್ಲಾಡಿಸ್ ಮೇಡಂ ಗುಡುಗಿದರು. ಜೋಲೀನ್ ಕಣ್ಣೊರೆಸಿಕೊಳ್ಳುತ್ತ ನಿಯಮ ಓದಿದಳು: ಗ್ರಂಥಾಲಯದ ಸೊತ್ತಿಗೆ ಕೈ ಹಚ್ಚಿದವರಿಗೆ ಒಂದು ವರ್ಷ ಪ್ರವೇಶವಿಲ್ಲ. ಎರಡು ತುಂಡು ತಿಂಡಿಗೆ ಒಂದು ವರ್ಷ ಯಾಕೆ ಎಂದು ಕೇಳುವ ಧೈರ್ಯ ಓರಿನ್ನನಿಗೆ ಇರಲಿಲ್ಲ. ಜೇಬಿನಿಂದ ಪೊಟ್ಟಣ ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟು ಟೋಪಿ ಹಾಕಿಕೊಂಡು ಹೋದ. ಉಳಿದವರು ವರ್ನನಿಗೆ ಚಪ್ಪಾಳೆ ತಟ್ಟುವುದರಲ್ಲಿದ್ದರು. ಪೊಟ್ಟಣವನ್ನು ನೋಡಿದ್ದು ವರ್ನ್ ಒಬ್ಬನೇ. ಹೇಳಬಹುದಿತ್ತು. ಆದರೆ ಅವನ ಬಾಯಲ್ಲಿ ಲೆಮನ್ ಬಾರ್ ಇತ್ತು.

ಒಂದು ವಾರದ ಮೇಲೆ ಆರ್ಡಿಸ್ ಪೆಟ್ರೋಲ್ ಹಾಕಿಸಿಕೊಂಡು ಬಂದವಳು ಕಾರಿನ ಬೀಗದ ಕೈಯನ್ನು ಮೇಜಿನ ಮೇಲೆ ಎಸೆದಳು.

"ಓರಿನ್ ಪೆಟ್ರೋಲ್ ಬಂಕ್‌ನಲ್ಲಿ ಮಾರೋಕಿಟ್ಟ ಉಪ್ಪಿನ ಮೂಟೆ ಮೇಲೆ ಕೂತು ಪದಬಂಧ ಬಿಡಿಸ್ತಿದ್ದಾನೆ. ಯಾಕೆ?"

"ಅಲ್ಲಿನ ಕಾಫಿ ಇಷ್ಟ ಇರಬೇಕು."

"ಅಲ್ಲಿನ ಕಾಫಿ ನಾಯಿ ಮೂಸಲ್ಲ. ಎಲ್ಲಾ ಹೇಳಿದ ಅವನು. ಪುಸ್ತಕದಲ್ಲಿ ಬರೆದವಳು ನಾನು, ಹೊರಗೆ ಬಿದ್ದವನು ಅವನು, ಕೊರಳಿಗೆ ಪದಕ ನೇತು ಹಾಕ್ಕೊಂಡು ತಿರುಗೋನು ನೀನು. ಅದು ನನ್ನ ಅಕ್ಷರ ಅಂತ ಗೊತ್ತಿತ್ತಾ ನಿಂಗೆ?"

"ಮೂರನೇ ತಿಂಗಳಿಂದ ಗೊತ್ತು."

"ಆದ್ರೂ ಒಂದು ದಿನ ಬಾಯಿ ಬಿಡಲಿಲ್ಲ."

"ನೀನೂ ಬಿಡಲಿಲ್ವಲ್ಲ."

"ನಾನು ಬಿಡ್ತಾನೇ ಇದ್ದೆ ಕಣೋ ಮಂಕೇ! ಮತ್ತೇನಂದ್ಕೊಂಡೆ ಅದನ್ನ? ನಲವತ್ತೊಂದು ವರ್ಷಕ್ಕೆ ಮೊದಲ ಸಲ ಈ ಮನುಷ್ಯ ನಾನು ಓದೋ ಪುಸ್ತಕ ಓದ್ತಿದ್ದಾನೆ, ನಾನು ಬರೆದದ್ದು ನೋಡ್ತಾನೆ, ಒಂದು ದಿನ ಊಟಕ್ಕೆ ಕೂತಾಗ 'ಆರ್ಡಿಸ್, ಆ ದಂತವೈದ್ಯನೇ ಅಂತ ನಿಂಗೆ ಹೇಗೆ ಗೊತ್ತಾಯ್ತು' ಅಂತ ಕೇಳ್ತಾನೆ ಅಂತ ಕಾಯ್ತಾ ಇದ್ದೆ. ಏಳು ತಿಂಗಳು ಕಾದೆ."

ವರ್ನ್ ತಲೆ ತಗ್ಗಿಸಿ ತುಂಬ ಹೊತ್ತು ಯೋಚಿಸಿದ. ಆಮೇಲೆ ತಲೆಯೆತ್ತಿ ಕೇಳಿದ:

"ಹೇಗೆ ಗೊತ್ತಾಯ್ತು?"

ಆರ್ಡಿಸ್ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಒಳಗಿನಿಂದಲೇ ಹೇಳಿದಳು: "ಮುಂದಿನ ಸಭೆಯಲ್ಲಿ ನೀನಾಗಿ ಎದ್ದು ನಿಂತು ಹೇಳ್ಬೇಕು. ಹೇಳ್ತೀಯೋ ಇಲ್ವೋ?"

"ಹೇಳ್ತೀನಿ, ಹೇಳ್ತೀನಿ."

ಹೇಳುವ ಮನಸ್ಸು ಅವನಿಗೆ ನಿಜವಾಗಿಯೂ ಇತ್ತು. ಗಡ್ಡ ಹೆರೆಯುವಾಗ ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದ. ಆದರೆ ಜುಲೈ ಸಭೆಗೆ ಹೋದಾಗ ಗ್ಲಾಡಿಸ್ ಮೇಡಂ ಅವನಿಗಾಗಿ ತೋಳಿರುವ ಕುರ್ಚಿ ತರಿಸಿದ್ದರು. ತೋಳಿರುವ ಕುರ್ಚಿಯಿಂದ ಎದ್ದು ನಿಲ್ಲುವುದು ಕಷ್ಟ. ಆ ತಿಂಗಳ ಪುಸ್ತಕದಲ್ಲಿ ಪೆನ್ಸಿಲ್ ಗೆರೆ ಒಂದೂ ಇರಲಿಲ್ಲವಾದ್ದರಿಂದ ಕಣ್ಣು ಮುಚ್ಚಿ 'ತೋಟದ ಮಾಲಿ' ಎಂದು ಬರೆದು ಚೀಟಿ ಹಾಕಿದ. ಆಮೇಲೆ ಹೇಳಿದರಾಯಿತು ಎಂದುಕೊಂಡು ಕಾಫಿ ಕುಡಿಯುತ್ತಿದ್ದಾಗ ಬಾಗಿಲು ತೆರೆದು ಆರ್ಡಿಸ್ ಒಳಬಂದಳು. ವರ್ನನ ಮುಖ ನೋಡಿದ ಕೂಡಲೇ ಅವಳಿಗೆ ಉತ್ತರ ಸಿಕ್ಕಿತು.

"ಆ ಪುಸ್ತಕಗಳಲ್ಲಿ ಬರೆದವಳು ನಾನು," ಎಂದಳು. "ಓರಿನ್ ಅಲ್ಲ. ಅವನು ಕದ್ದದ್ದು ನಿಮ್ಮ ಲೆಮನ್ ಬಾರ್. ಅವನನ್ನ ವಾಪಸ್ ಕರೀರಿ."

ಗ್ಲಾಡಿಸ್ ಮೇಡಂ ಕರುಣೆಯಿಂದ ನಕ್ಕರು.

"ಪಾಪ, ಎಂಥಾ ಮೃದು ಮನಸ್ಸು ನಿಮ್ಮದು. ಆದ್ರೆ ಡಿಯರ್, ತಾವಾಗಿ ಬಂದು ತಪ್ಪು ಒಪ್ಪಿಕೊಳ್ಳೋರು ಯಾವತ್ತೂ ಅಪರಾಧಿ ಆಗಿರಲ್ಲ. ಇದು ಎಲ್ಲಾ ಓದುಗರಿಗೂ ಗೊತ್ತು."

"ಓರಿನ್ ಒಪ್ಪಿಕೊಂಡನಲ್ಲ?"

"ಅವನು ಸಿಕ್ಕಿಬಿದ್ದು ಒಪ್ಪಿಕೊಂಡ. ಅದು ಬೇರೆ."

"ಹಾಗಾದ್ರೆ ನನ್ನ ಅಕ್ಷರ ನೋಡಿ." ಆರ್ಡಿಸ್ ಮೊಂಡು ಪೆನ್ಸಿಲ್ ತೆಗೆದು ಒಂದು ಸಾಲು ಬರೆದು ಚಾಚಿದಳು. ಅಕ್ಷರ ತದ್ರೂಪು. ಜೋಲೀನ್ ಅದನ್ನೂ ಪುಸ್ತಕವನ್ನೂ ಪಕ್ಕಪಕ್ಕ ಹಿಡಿದು ಹುಬ್ಬೇರಿಸಿದಳು.

"ಇನ್ನೊಬ್ಬರ ಅಕ್ಷರ ಅನುಕರಿಸೋದು ಎಷ್ಟು ಸುಲಭ ಅಂತ ಫೆಬ್ರವರಿ ಪುಸ್ತಕದಲ್ಲೇ ಓದಿದ್ವಲ್ಲ!" ಎಂದರು ಗ್ಲಾಡಿಸ್ ಮೇಡಂ. ಎಲ್ಲರೂ ಹೌದು ಹೌದು ಎಂದರು. "ಅಲ್ಲದೆ ನೀವು ಇಂಥ ಪುಸ್ತಕ ಓದೋದೇ ಇಲ್ವಲ್ಲ. ಒಂದು ದಿನ ಬಂದ್ರಿ, ಆಮೇಲೆ ಪತ್ತೆ ಇಲ್ಲ."

ಆರ್ಡಿಸ್ ಮೇಜಿನ ಮೇಲಿದ್ದ ಪುಸ್ತಕದ ಕಡೆ ನೋಡಿದಳು. ರಬ್ಬರ್ ಬ್ಯಾಂಡ್ ಹಾಗೇ ಇತ್ತು.

"ವಿಧವೆಯ ತಂಗಿ," ಎಂದಳು. "ನೂರ ನಾಲ್ಕನೇ ಪುಟದಲ್ಲಿ ನಾಯಿ ಅವಳನ್ನ ನೋಡಿ ಬೊಗಳಲ್ಲ. ಆ ಮನೆಗೆ ಮೊದಲ ಸಲ ಬಂದವಳಾಗಿದ್ರೆ ಬೊಗಳಬೇಕಿತ್ತು. ಓದಿ ನೋಡಿ."

ಗ್ಲಾಡಿಸ್ ಮೇಡಂ ಕನ್ನಡಕ ಏರಿಸಿ ಕೊನೆಯ ಅಧ್ಯಾಯ ಓದಿದರು. ವಿಧವೆಯ ತಂಗಿಯೇ. ನಾಯಿಯೂ ಬಂತು. ಡ್ರಾಯರಿನ ಚೀಟಿಗಳನ್ನು ಬಿಚ್ಚಿದರೆ ಒಂದರಲ್ಲೂ ತಂಗಿಯ ಹೆಸರಿರಲಿಲ್ಲ. ವರ್ನನದರಲ್ಲಿ ತೋಟದ ಮಾಲಿ, ಅವನಂತೂ ನಲವತ್ತನೇ ಪುಟದಲ್ಲೇ ಸತ್ತಿದ್ದ.

ಸತ್ಯ ಅಷ್ಟು ಹತ್ತಿರ ಬಂದು ಕುರ್ಚಿ ಎಳೆದುಕೊಂಡು ಕೂತಿತ್ತು. ಆಗ ಗ್ಲಾಡಿಸ್ ಮೇಡಂ ಅವರ ಮುಖ ಅರಳಿತು.

"ವರ್ನ್! ನಿಮ್ಮದೇ ಕೆಲಸ ಇದು! ಮನೆಯಲ್ಲಿ ಹೆಂಡತಿಗೆ ಹೇಳಿಕೊಟ್ಟು, ಆಕೆ ಗೆಲ್ಲಲಿ ಅಂತ ನೀವು ಬೇಕಂತಲೇ ಸತ್ತವನ ಹೆಸರು ಬರೆದಿರಿ! ಇಂಥಾ ಗಂಡ ಯಾರಿಗೆ ಸಿಗ್ತಾನೆ?"

ಚಪ್ಪಾಳೆಯೋ ಚಪ್ಪಾಳೆ. ಜೋಲೀನ್ ಎದ್ದು ವರ್ನನ ಕೈ ಕುಲುಕಿದಳು. ಭೂತಗನ್ನಡಿ ಅವನ ಕೊರಳಲ್ಲೇ ಉಳಿಯಿತು. ಆರ್ಡಿಸ್ ಚಪ್ಪಾಳೆಯ ನಡುವೆ ನಿಂತು ಗಂಡನನ್ನೇ ನೋಡುತ್ತಿದ್ದಳು. ಒಂದೇ ಒಂದು ಮಾತು ಸಾಕಿತ್ತು. ಈ ಸಲ ಅವನ ಬಾಯಲ್ಲಿ ಏನೂ ಇರಲಿಲ್ಲ.

"ಅಯ್ಯೋ," ಎಂದ ವರ್ನ್, "ಅದೇನು ದೊಡ್ಡ ವಿಷಯ, ಬಿಡಿ."

ಆರ್ಡಿಸ್ ಪೆನ್ಸಿಲನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಜೋಲೀನ್ ಅದನ್ನು ಕರವಸ್ತ್ರದಲ್ಲಿ ಎತ್ತಿ ಲಕೋಟೆಗೆ ಹಾಕಿ ಮೇಲೆ 'ಸಾಕ್ಷಿ: ಓರಿನ್ ಪ್ಲಾಟ್' ಎಂದು ಬರೆದಳು.

ಅಂದಿನಿಂದ ತಿಂಗಳ ಎರಡನೇ ಮಂಗಳವಾರ ಬಂದರೆ ಆರ್ಡಿಸ್ ಮಧ್ಯಾಹ್ನ ಒಂದೂವರೆಗೇ ಕಾರು ತೆಗೆಯುತ್ತಾಳೆ. ಪೆಟ್ರೋಲ್ ಬಂಕ್ ಹತ್ತಿರ ಓರಿನ್ ಹತ್ತಿಕೊಳ್ಳುತ್ತಾನೆ. ಇಬ್ಬರೂ ಹದಿನೆಂಟು ಮೈಲಿ ಆಚೆಯ ಊರಿನ ಗ್ರಂಥಾಲಯಕ್ಕೆ ಹೋಗುತ್ತಾರೆ. ಅಲ್ಲಿಯ ಬಳಗದಲ್ಲಿ ರಬ್ಬರ್ ಬ್ಯಾಂಡ್ ಇಲ್ಲವಂತೆ. ಯಾರಿಗೆ ಯಾವ ಪುಟದಲ್ಲಿ ಹೊಳೆಯಿತೋ ಅದನ್ನು ಗಟ್ಟಿಯಾಗಿ ಹೇಳಬಹುದಂತೆ. ಮನೆಯಲ್ಲಿ ಅವಳು ವರ್ನನ ಜೊತೆ ಮೊಟ್ಟೆ, ಬೆಣ್ಣೆ, ಈರುಳ್ಳಿಯ ಮಟ್ಟಿಗೆ ಮಾತಾಡುತ್ತಾಳೆ. ಊರವರು ಅಪರಾಧಿಯನ್ನು ತಿದ್ದಲು ಸ್ವಂತ ಹೆಂಡತಿಯನ್ನೇ ಕಳಿಸುವ ವರ್ನನ ದೊಡ್ಡ ಮನಸ್ಸನ್ನು ಹೊಗಳುತ್ತಾರೆ.

ಆಗಸ್ಟ್ ಸಭೆಗೆ ಇನ್ನೂ ಎರಡು ತಾಸು ಇತ್ತು. ಆರ್ಡಿಸ್ ಆಗಲೇ ಹೋಗಿದ್ದಳು. ವರ್ನ್ ಭೂತಗನ್ನಡಿ ಹಿಡಿದು ಪುಸ್ತಕದ ಅಂಚುಗಳನ್ನು ಹಿಂದಿನಿಂದ ಮುಂದಕ್ಕೆ ಹುಡುಕಿದ. ಮುನ್ನೂರು, ಇನ್ನೂರು, ನೂರು, ಐವತ್ತು, ಹತ್ತು. ಅಲ್ಲಿಯವರೆಗೆ ಎಲ್ಲೂ ಪೆನ್ಸಿಲ್ ಗುರುತಿಲ್ಲ. ಅವನಿಗೆ ರೋಷ ಬಂತು. ಇವಳಿಲ್ಲದಿದ್ದರೆ ನನಗೆ ಓದಲು ಬರುವುದಿಲ್ಲವೇ? ಆರಾಮಕುರ್ಚಿಯಲ್ಲಿ ಕೂತು ಮೊದಲ ಪುಟದಿಂದ ಶುರು ಮಾಡಿದ. ಒಂದರಲ್ಲಿ ಮಂಜು ಕವಿಯಿತು. ಎರಡರಲ್ಲಿ ರೈಲು ನಿಂತಿತು. ಮೂರರಲ್ಲಿ ಯಾರೋ ಇಳಿದರು. ನಾಲ್ಕನೇ ಪುಟದ ಅಂಚಿನಲ್ಲಿ, ಹಿಂದಕ್ಕೆ ವಾಲಿದ ಅಕ್ಷರದಲ್ಲಿ, ಒಂದು ಸಾಲು ಇತ್ತು.

'ಇಲ್ಲಿಗೆ ನಿನಗೆ ನಿದ್ದೆ ಬರುತ್ತೆ.'

"ಬರಲ್ಲ," ಎಂದು ವರ್ನ್ ಖಾಲಿ ಮನೆಗೆ ಕೇಳುವಂತೆ ಕೂಗಿ ಹೇಳಿದ. ಕಣ್ಣು ಅಗಲಿಸಿದ. ಆ ಸಾಲನ್ನು ಇನ್ನೊಮ್ಮೆ ಓದಿದ, ಮತ್ತೊಮ್ಮೆ ಓದಿದ. ಎಚ್ಚರವಾದಾಗ ಕೆನ್ನೆಯ ಮೇಲೆ ಭೂತಗನ್ನಡಿಯ ಅಚ್ಚು ಬಿದ್ದಿತ್ತು, ಗಂಟೆ ಆರಾಗಿತ್ತು, ಸಭೆ ಮುಗಿದಿತ್ತು. ಆರ್ಡಿಸ್‌ಳ ಊಹೆ ಇದುವರೆಗೆ ಒಂದೂ ತಪ್ಪಿರಲಿಲ್ಲ.